ಗಸ್ತಿನ ಗಾಡಿ ಮತ್ತು ಹಿಂದಿನ ಸೀಟು

ರಾಯಚೂರಿನಲ್ಲಿ ನೀಡಿದ ಸಾರ್ವಜನಿಕ ಉಪನ್ಯಾಸದ ಬರಹ ರೂಪ ಇದು. ಮಾತಿನ ಭರದಲ್ಲಿ ಎರಡೆರಡು ಸಲ ಬಂದದ್ದನ್ನು ತೆಗೆದಿದ್ದೇನೆ. ಸಭಿಕರೊಬ್ಬರ ಪ್ರಶ್ನೆಗೆ ಕೊಟ್ಟ ಉತ್ತರವನ್ನು ಕೊನೆಯಲ್ಲಿ ಸೇರಿಸಿದ್ದೇನೆ.

ಹಿರಿಯರೇ, ಸೇವೆಯಲ್ಲಿರುವ ಹಾಗೂ ನಿವೃತ್ತರಾದ ಪೊಲೀಸ್ ಬಂಧುಗಳೇ, ವಿದ್ಯಾರ್ಥಿ ಮಿತ್ರರೇ,

ಪೊಲೀಸರ ಕಷ್ಟಸುಖದ ಬಗ್ಗೆ ಹೊರಗೆ ಮಾತು ಬಂದಾಗ ಸಂಬಳ, ರಜೆ, ವಸತಿಗೃಹ, ಬಡ್ತಿ ಇವು ಚರ್ಚೆಯಾಗುತ್ತವೆ. ಆಗಬೇಕಾದ ಚರ್ಚೆಗಳೇ ಅವು. ಆದರೆ ಠಾಣೆಯ ಸಿಬ್ಬಂದಿ ತಮ್ಮ ತಮ್ಮಲ್ಲೇ ಕೂತಾಗ, ಅದರಲ್ಲೂ ರಾತ್ರಿ ಗಸ್ತು ಮುಗಿಸಿ ಬೆಳಗಿನ ಚಹಾ ಕುಡಿಯುವಾಗ, ಬಹಳ ಉತ್ಸಾಹದಿಂದ ವಾದಿಸುವ ವಿಷಯ ತಾವು ಓಡಾಡುವ ಗಾಡಿ. ಜಿಪ್ಸಿ ಒಳ್ಳೆಯದಿತ್ತೋ ಬೊಲೆರೊ ಒಳ್ಳೆಯದೋ, ಸುಮೋ ಯಾಕೆ ಬೇಡವಾಯಿತು, ಎರ್ಟಿಗಾ ನಮ್ಮ ಹಳ್ಳಿ ದಾರಿಗೆ ತಡೆದೀತೇ, ಇನ್ನೋವಾ ನಮ್ಮ ಠಾಣೆಗೂ ಬಂದೀತೇ ಎಂಬ ಮಾತು ಒಮ್ಮೆ ಶುರುವಾದರೆ ಬೇಗ ಮುಗಿಯುವುದಿಲ್ಲ. ಜಿಲ್ಲಾ ಸಶಸ್ತ್ರ ಮೀಸಲು ಪಡೆಯ ಮೋಟಾರು ವಿಭಾಗದಲ್ಲಿ ಮೊದಲು ಚಾಲಕನಾಗಿ, ಆಮೇಲೆ ದುರಸ್ತಿಯ ಹೊಣೆ ಹೊತ್ತವನಾಗಿ ಈ ಭಾಗದ ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳಲ್ಲಿ ಕೆಲಸ ಮಾಡಿದ ನಾನು ಈ ವಾದಗಳನ್ನು ಸೇವೆಯುದ್ದಕ್ಕೂ ಕೇಳಿದ್ದೇನೆ. ಅವುಗಳನ್ನು ಹೊತ್ತು ಕಳೆಯುವ ಹರಟೆ ಎಂದು ನಾನು ಎಂದೂ ಭಾವಿಸಿಲ್ಲ. ಹನ್ನೆರಡು ತಾಸು ಯಾವ ಜಾಗದಲ್ಲಿ ಕೂತು ಕೆಲಸ ಮಾಡುತ್ತೇವೆಯೋ ಆ ಜಾಗದ ಬಗ್ಗೆ ಅಭಿಪ್ರಾಯ ಇಟ್ಟುಕೊಳ್ಳುವುದು ದುಡಿಯುವವನ ಹಕ್ಕು.

ಒಂದೇ ಮಾದರಿಯ ಗಾಡಿಯನ್ನು ಒಬ್ಬರು ಹೊಗಳಿ ಇನ್ನೊಬ್ಬರು ತೆಗಳುವುದನ್ನು ಕೇಳಿ ಕೇಳಿ ನನಗೆ ಅರ್ಥವಾದದ್ದು ಇಷ್ಟು. ಅಭಿಪ್ರಾಯ ಬದಲಾಗುವುದು ಮಾದರಿಯಿಂದ ಮಾತ್ರವಲ್ಲ, ಹೇಳುವವರು ಆ ಗಾಡಿಯ ಯಾವ ಸೀಟಿನಲ್ಲಿ ಕೂರುತ್ತಾರೆ ಎಂಬುದರಿಂದಲೂ ಬದಲಾಗುತ್ತದೆ. ಮುಂದಿನ ಎಡಗಡೆ ಸೀಟು ಪಿಎಸ್‌ಐ ಅಥವಾ ಎಎಸ್‌ಐ ಅವರದ್ದು. ಸ್ಟೇರಿಂಗ್ ಹಿಂದಿನ ಸೀಟು ಚಾಲಕನದ್ದು. ಹಿಂದಿನ ಬೆಂಚು ಮುಖ್ಯಪೇದೆ ಮತ್ತು ಪೇದೆಗಳದ್ದು. ಬಂಧಿತನನ್ನು ನ್ಯಾಯಾಲಯಕ್ಕೆ ಒಯ್ಯುವ ದಿನ ಅವನದ್ದೂ ಹೌದು. ಮೂರೂ ಸೀಟುಗಳ ತೀರ್ಪು ಬೇರೆ ಬೇರೆ. ಇವುಗಳಲ್ಲಿ ಹಿಂದಿನ ಬೆಂಚಿನ ತೀರ್ಪನ್ನು ಕೇಳುವವರು ತೀರ ಕಡಿಮೆ. ಇಂದಿನ ನನ್ನ ಮಾತೆಲ್ಲ ಆ ಬೆಂಚಿನ ಸುತ್ತ ಇರುತ್ತದೆ.

ಹಿಂದಿನದನ್ನು ಬೇಗ ಹೇಳಿ ಮುಗಿಸುತ್ತೇನೆ. ನಮ್ಮ ಹಿರಿಯರ ಕಾಲದಲ್ಲಿ ಠಾಣೆಗೆ ಇದ್ದದ್ದು ಮಹೀಂದ್ರಾ ಜೀಪು, ಅಧಿಕಾರಿಗಳಿಗೆ ಅಂಬಾಸಿಡರ್. ಆಮೇಲೆ ಟ್ರ್ಯಾಕ್ಸ್ ಬಂತು. 1985ರ ಕೊನೆಯಲ್ಲಿ ಮಾರುತಿ ಜಿಪ್ಸಿ, 1994ರಲ್ಲಿ ಟಾಟಾ ಸುಮೋ, 2000ದಲ್ಲಿ ಮಹೀಂದ್ರಾ ಬೊಲೆರೊ ಮಾರುಕಟ್ಟೆಗೆ ಬಂದವು, ಒಂದೊಂದಾಗಿ ದೇಶದ ಪೊಲೀಸ್ ಪಡೆಗಳನ್ನೂ ಸೇರಿದವು. ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು, ಸುಮೋ 2019ರಲ್ಲಿ ನಿಂತಿತು, ಜಿಪ್ಸಿಯೂ ಅದೇ ಹೊತ್ತಿಗೆ ನಿಂತಿತು. ಬೊಲೆರೊ ಇನ್ನೂ ನಿಂತಿಲ್ಲ. ನಮ್ಮ ಮೂರೂ ಜಿಲ್ಲೆಗಳಲ್ಲಿ ಪೊಲೀಸ್ ಗಾಡಿ ಎಂದ ಕೂಡಲೇ ಜನರ ಕಣ್ಣಮುಂದೆ ಬರುವ ಆಕಾರ ಇವತ್ತಿಗೂ ಅದರದ್ದೇ.

ಜಿಪ್ಸಿಯ ಬಗ್ಗೆ ಹಳಬರಿಗೆ ಇರುವ ಪ್ರೀತಿ ಸಣ್ಣದಲ್ಲ, ಅದಕ್ಕೆ ಗಟ್ಟಿಯಾದ ಕಾರಣಗಳೂ ಇವೆ. ಅದು ಒಂದು ಟನ್ನಿನ ಆಸುಪಾಸಿನಲ್ಲಿದ್ದ ಹಗುರ ಗಾಡಿ. ಮೊದಲು 970 ಸಿಸಿ, ಆಮೇಲೆ 1.3 ಲೀಟರಿನ ಪೆಟ್ರೋಲ್ ಎಂಜಿನ್ ಇತ್ತು. ಗೇರಿನ ಪಕ್ಕದ ಇನ್ನೊಂದು ಲಿವರ್ ಎಳೆದರೆ ನಾಲ್ಕೂ ಚಕ್ರಕ್ಕೆ ಬಲ ಹೋಗುತ್ತಿತ್ತು. ಹುಡ್ ತೆಗೆದರೆ ನಾಲ್ಕೂ ದಿಕ್ಕು ಕಾಣುತ್ತಿತ್ತು. ಗಲಾಟೆಯ ಜಾಗದಲ್ಲಿ ಬಾಗಿಲು ಹುಡುಕುವ ಕೆಲಸವಿಲ್ಲದೆ ಎರಡೂ ಕಡೆಯಿಂದ ಧುಮುಕಬಹುದಿತ್ತು. ರಾಯಚೂರು ಜಿಲ್ಲೆಯ ಎರೆಭೂಮಿಯಲ್ಲಿ ಮಳೆಗಾಲದ ಕರೆಗೆ ಹೋಗಬೇಕಾದಾಗ ಇಂಥ ಗಾಡಿ ಕೈಯಲ್ಲಿದ್ದರೆ ಚಾಲಕನ ಎದೆ ಹಗುರವಾಗಿರುತ್ತದೆ.

ಎರೆಭೂಮಿಯನ್ನು ಓಡಿಸಿ ನೋಡದವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ದೇವದುರ್ಗ, ಲಿಂಗಸುಗೂರು, ಮಸ್ಕಿ ಕಡೆಯ ಹೊಲದಾರಿಯಲ್ಲಿ ಒಂದು ಹದ ಮಳೆ ಬಿದ್ದರೆ ಸಾಕು, ಕಪ್ಪು ಮಣ್ಣು ನೀರು ಕುಡಿದು ಉಬ್ಬುತ್ತದೆ. ಚಕ್ರ ಒಂದು ಸುತ್ತು ತಿರುಗುವಷ್ಟರಲ್ಲಿ ಟೈರಿನ ಗೆರೆಗಳೆಲ್ಲ ಮುಚ್ಚಿಹೋಗಿ ನುಣ್ಣಗಾಗುತ್ತವೆ. ಇನ್ನೂ ಹತ್ತು ಮಾರು ಹೋದರೆ ಆ ಮಣ್ಣು ನಾದಿದ ಜೋಳದ ಹಿಟ್ಟಿನಂತೆ ಪದರ ಪದರವಾಗಿ ಏರಿ, ಟೈರಿಗೂ ಮಡ್‌ಗಾರ್ಡಿಗೂ ನಡುವಿನ ಜಾಗವನ್ನೇ ತುಂಬಿಬಿಡುತ್ತದೆ. ಎಂಜಿನ್ನಿಗೆ ಎಷ್ಟೇ ಶಕ್ತಿ ಇರಲಿ, ಚಕ್ರ ತಿರುಗಲು ಜಾಗವೇ ಇಲ್ಲದ ಮೇಲೆ ಏನು ಪ್ರಯೋಜನ? ಆಗ ಹಿಂದಿನ ಬೆಂಚಿನವರು ಬೂಟು ಬಿಚ್ಚಿ ಕೆಳಗಿಳಿಯಬೇಕು. ಒಬ್ಬರು ಲಾಠಿಯ ತುದಿಯಿಂದ, ಇನ್ನೊಬ್ಬರು ಹತ್ತಿರದ ಹೊಲದವರಿಂದ ತಂದ ಕುಡುಗೋಲಿನಿಂದ ಮಡ್‌ಗಾರ್ಡಿನ ಒಳಗಿನ ಮಣ್ಣನ್ನು ಕೆರೆದು ತೆಗೆಯಬೇಕು. ಒಂದು ಚಕ್ರ ಬಿಡಿಸುವಷ್ಟರಲ್ಲಿ ಮೊಣಕೈವರೆಗೆ ಕೆಸರಾಗುತ್ತದೆ, ನಾಲ್ಕು ಚಕ್ರ ಮುಗಿಸಿ ಇಪ್ಪತ್ತು ಹೆಜ್ಜೆ ಮುಂದೆ ಹೋದರೆ ಮತ್ತೆ ಅದೇ ಕಥೆ. ಕೊನೆಗೆ ಊರವರ ಟ್ರ್ಯಾಕ್ಟರ್ ಬಂದು ಹಗ್ಗ ಕಟ್ಟಿ ಎಳೆಯುತ್ತದೆ. ಹಾಗೆ ಎಳೆದವರಲ್ಲಿ ಜಗಳದ ಒಂದು ಕಡೆಯವರೇ ಇದ್ದರೆ, ಆ ಊರಿಗೆ ಕಾಲಿಡುವ ಮೊದಲೇ ಪೊಲೀಸರು ಒಬ್ಬರ ಋಣಕ್ಕೆ ಬಿದ್ದಂತಾಗುತ್ತದೆ. ನಾಲ್ಕು ಚಕ್ರದ ಬಲ ಯಾಕೆ ಬೇಕು ಎಂದು ಕೇಳುವವರಿಗೆ ನನ್ನ ಉತ್ತರ ಇದೇ. ಹಿಂದಿನ ಎರಡೇ ಚಕ್ರಕ್ಕೆ ಬಲವಿರುವ ಸಾಮಾನ್ಯ ಬೊಲೆರೊ ಆಗಲಿ, ಮುಂದಿನ ಎರಡೇ ಚಕ್ರಕ್ಕೆ ಬಲವಿರುವ ಎರ್ಟಿಗಾ ಆಗಲಿ ಈ ಪರೀಕ್ಷೆಯಲ್ಲಿ ಜಿಪ್ಸಿಗೆ ಸಮ ಬರಲಾರವು.

ಆದರೆ ಜಿಪ್ಸಿಯನ್ನು ಇಷ್ಟು ಹೊಗಳುವವರು ಹೆಚ್ಚಿನ ಮಟ್ಟಿಗೆ ಅದನ್ನು ಓಡಿಸಿದವರು, ಇಲ್ಲವೇ ಮುಂದೆ ಕೂತವರು. ಹಿಂದೆ ಎದುರುಬದುರಾಗಿ ಇದ್ದ ತೆಳು ಬೆಂಚಿನಲ್ಲಿ ಕೂತವರನ್ನು ಕೇಳಿದರೆ ಮಾತಿನ ಧಾಟಿಯೇ ಬೇರೆ. ಗಾಡಿ ಹಗುರ, ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಲೀಫ್ ಸ್ಪ್ರಿಂಗ್ ಬಿರುಸು. ಹೀಗಾಗಿ ರಸ್ತೆಯ ಪ್ರತಿ ಗುಂಡಿಯೂ ನೇರವಾಗಿ ಬೆನ್ನುಹುರಿಗೆ ಬಂದು ಮುಟ್ಟುತ್ತಿತ್ತು. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮ ಬಿಸಿಲಿನಲ್ಲಿ ಕ್ಯಾನ್ವಾಸ್ ಹುಡ್‌ ಅಡಿ ಮಧ್ಯಾಹ್ನ ಕಳೆದವರಿಗೆ, ನಾಲ್ಕೂ ದಿಕ್ಕು ಕಾಣುತ್ತದೆ ಎಂಬುದು ದೊಡ್ಡ ಸಮಾಧಾನವೇನಲ್ಲ. ಜಿಪ್ಸಿ ಹೋಯಿತೆಂದು ಮರುಗುವವರ ಮಾತನ್ನು ನಾನು ಗೌರವಿಸುತ್ತೇನೆ. ಅದರ ಜೊತೆಗೇ, ಆ ಬೆಂಚಿನಿಂದ ಸೊಂಟನೋವು ಹೊತ್ತುಕೊಂಡು ನಿವೃತ್ತರಾದವರ ಮಾತೂ ಅಷ್ಟೇ ಸತ್ಯ ಎಂದು ಹೇಳುತ್ತೇನೆ.

ಬೊಲೆರೊ ನಮ್ಮ ಭಾಗದಲ್ಲಿ ಇಷ್ಟು ದೀರ್ಘಕಾಲ ಉಳಿದದ್ದಕ್ಕೆ ಮುಖ್ಯ ಕಾರಣ ದುರಸ್ತಿ. ಅದರ ಮೈ ಚಾಸಿ ಎನ್ನುವ ಗಟ್ಟಿ ಉಕ್ಕಿನ ಚೌಕಟ್ಟಿನ ಮೇಲೆ ಕೂತಿದೆ. ಎಂಜಿನ್ ಡೀಸೆಲ್ಲಿನದು. ಗಂಗಾವತಿಯಲ್ಲಿ ಕೆಟ್ಟರೆ ಗಂಗಾವತಿಯಲ್ಲಿ, ಸಿಂಧನೂರಿನಲ್ಲಿ ಕೆಟ್ಟರೆ ಸಿಂಧನೂರಿನಲ್ಲಿ, ಕುಷ್ಟಗಿಯ ಹೆದ್ದಾರಿಯಲ್ಲಿ ಕೆಟ್ಟರೆ ಅಲ್ಲೇ ಪಕ್ಕದ ಗ್ಯಾರೇಜಿನಲ್ಲಿ ಅದನ್ನು ಬಿಚ್ಚಿ ಜೋಡಿಸಬಲ್ಲವರು ಸಿಗುತ್ತಾರೆ, ಬಿಡಿಭಾಗವೂ ಸಿಗುತ್ತದೆ. ನಮ್ಮ ಮೆಕ್ಯಾನಿಕರು ಪಾಟಾ ಎಂದು ಕರೆಯುವ ಲೀಫ್ ಸ್ಪ್ರಿಂಗ್ ಮುರಿದರೆ ಮಧ್ಯಾಹ್ನದೊಳಗೆ ಹೊಸ ಎಲೆ ಹಾಕಿಸಿ ಸಂಜೆಯ ಗಸ್ತಿಗೆ ಗಾಡಿ ಬಿಡಬಹುದು. ಗಾಡಿ ಒಂದು ವಾರ ಶೆಡ್ಡಿನಲ್ಲಿ ನಿಂತರೆ ಠಾಣೆಗೆ ಬೇರೆ ಗಾಡಿ ಕೊಡುವುದು ಎಷ್ಟು ಕಷ್ಟ ಎಂಬುದು ಮೋಟಾರು ವಿಭಾಗದಲ್ಲಿ ಇದ್ದವರಿಗೇ ಗೊತ್ತು. ಹೀಗಾಗಿ ಚಾಲಕರ ಮತ ಯಾವಾಗಲೂ ಬೊಲೆರೊ ಕಡೆಗೆ ವಾಲುತ್ತದೆ, ಅದು ನ್ಯಾಯವಾದ ಮತ.

ಹಿಂದಿನ ಬೆಂಚಿನ ಮತ ಮತ್ತೆ ಬೇರೆ. ಬೊಲೆರೊದ ಕೊನೆಯ ಸಾಲಿನಲ್ಲಿರುವುದು ಪಕ್ಕಕ್ಕೆ ಮುಖ ಮಾಡಿದ ಎರಡು ಸಣ್ಣ ಆಸನಗಳು. ಚಾಲಕ ಬ್ರೇಕ್ ಒತ್ತಿದಾಗ ಮುಂದೆ ಕೂತವರ ಮೈ ಮುಂದಕ್ಕೆ ಬಾಗುತ್ತದೆ, ಬೆನ್ನಿಗೆ ಆಸರೆಯಿದೆ, ಎದೆಗೆ ಬೆಲ್ಟಿದೆ. ಪಕ್ಕಕ್ಕೆ ಮುಖ ಮಾಡಿ ಕೂತವನ ಮೈ ಸೊಂಟದಿಂದ ಮೇಲಕ್ಕೆ ಓರೆಯಾಗಿ ತಿರುಚುತ್ತದೆ, ಹಿಡಿಯಲು ಮೇಲಿನ ಹಿಡಿಕೆ ಬಿಟ್ಟರೆ ಬೇರೆ ಏನೂ ಇಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳ 138ನೇ ನಿಯಮ ಮುಂದಿನ ಸೀಟಿನವರೂ, ಹಿಂದೆ ಮುಂದಕ್ಕೆ ಮುಖ ಮಾಡಿ ಕೂತವರೂ ಬೆಲ್ಟ್ ಧರಿಸಬೇಕು ಎನ್ನುತ್ತದೆ. ಪಕ್ಕಕ್ಕೆ ಮುಖ ಮಾಡಿ ಕೂತವರ ಬಗ್ಗೆ ಅದರಲ್ಲಿ ಮಾತಿಲ್ಲ. ಹೆದ್ದಾರಿಯಲ್ಲಿ ನಿಂತು ಊರವರಿಗೆಲ್ಲ ಬೆಲ್ಟ್ ಹಾಕಿಕೊಳ್ಳಿ ಎಂದು ಹೇಳುವ ಪೇದೆ, ಕೆಲಸ ಮುಗಿಸಿ ಹತ್ತಿ ಕೂರುವುದು ಬೆಲ್ಟೇ ಇಲ್ಲದ ಜಾಗದಲ್ಲಿ. ಇದು ನನ್ನನ್ನು ಇಂದಿಗೂ ಕಾಡುವ ಸಂಗತಿ.

ಬಳ್ಳಾರಿ ಜಿಲ್ಲೆಯಲ್ಲಿ ಕೆಲಸ ಮಾಡಿದವರಿಗೆ ಇನ್ನೊಂದು ಸಂಗತಿ ಚೆನ್ನಾಗಿ ಗೊತ್ತಿದೆ. ಸಂಡೂರು, ತೋರಣಗಲ್ಲು ಕಡೆಯ ಅದಿರು ಲಾರಿಗಳ ದಾರಿಯಲ್ಲಿ ಗಸ್ತು ತಿರುಗಿ ಬಂದ ಗಾಡಿಯಿಂದ ಇಳಿಯುವವರನ್ನು ಸುಮ್ಮನೆ ನಿಂತು ನೋಡಿ. ಮುಂದೆ ಕೂತ ಅಧಿಕಾರಿಯ ಖಾಕಿ ಖಾಕಿಯಾಗಿಯೇ ಇರುತ್ತದೆ. ಹಿಂದಿನ ಬಾಗಿಲಿನಿಂದ ಇಳಿಯುವ ಪೇದೆಯ ಹುಬ್ಬು, ಕಿವಿಯ ಮಡಿಕೆ, ಕಾಲರಿನ ಒಳಬದಿ ಎಲ್ಲವೂ ಕೆಂಪು. ಕಿಟಕಿ ಮುಚ್ಚಿದ್ದರೂ ಹೀಗಾಗುತ್ತದೆ. ಕಾರಣ ಸರಳ. ಪೆಟ್ಟಿಗೆಯ ಆಕಾರದ ಗಾಡಿ ಓಡುವಾಗ ಅದರ ಬೆನ್ನಿನ ಹಿಂದೆ ಗಾಳಿಯ ಒತ್ತಡ ಕಡಿಮೆಯಾಗುತ್ತದೆ. ಚಕ್ರಗಳು ಎಬ್ಬಿಸಿದ ಧೂಳು ಅಲ್ಲಿಯೇ ಸುತ್ತಿ ಸುತ್ತಿ ಹಿಂಬಾಗಿಲಿನ ಸಂದಿನಿಂದ ಒಳಗೆ ನುಗ್ಗುತ್ತದೆ. ಆ ಬಾಗಿಲಿಗೆ ಸ್ಟೆಪ್ನಿಯ ಭಾರ ಬೇರೆ. ಕೆಲವು ವರ್ಷಗಳಲ್ಲಿ ಕೀಲು ಸಡಿಲಿ ಬಾಗಿಲು ಎಳೆಯಷ್ಟು ಜೋತುಬೀಳುತ್ತದೆ, ರಬ್ಬರ್ ಬೀಡಿಂಗ್ ಒಣಗಿ ಬಿರಿಯುತ್ತದೆ, ಅಲ್ಲಿಂದ ಮುಂದೆ ಧೂಳಿಗೆ ತಡೆಯೇ ಇರುವುದಿಲ್ಲ. ದುರಸ್ತಿ ಪಟ್ಟಿಯಲ್ಲಿ ಕ್ಲಚ್ ಪ್ಲೇಟಿಗೆ, ಬ್ರೇಕ್ ಪ್ಯಾಡಿಗೆ ಕೂಡಲೇ ಮಂಜೂರಾತಿ ಸಿಗುತ್ತದೆ. ಹಿಂಬಾಗಿಲಿನ ಬೀಡಿಂಗ್ ಬರೆದರೆ, ಗಾಡಿ ಅದಿಲ್ಲದೆಯೂ ಓಡುತ್ತದಲ್ಲ ಎಂಬ ಪ್ರಶ್ನೆ ಬರುತ್ತದೆ. ಗಾಡಿ ಓಡುತ್ತದೆ ನಿಜ. ಒಳಗೆ ಕೂತವನ ಎದೆಗೂಡಿನ ಲೆಕ್ಕವನ್ನು ಯಾವ ಪಟ್ಟಿಯಲ್ಲಿ ಬರೆಯಬೇಕು?

ಸದ್ದಿನ ಬಗ್ಗೆಯೂ ಒಂದು ವಾದವಿದೆ, ಅದನ್ನು ಕೇಳುವುದೇ ಒಂದು ಪಾಠ. ಹಳೆಯ ಡೀಸೆಲ್ ಗಾಡಿಯ ಸದ್ದು ರಾತ್ರಿ ಹೊತ್ತು ಮುಂದಿನ ಊರಿಗೇ ಕೇಳಿಸುತ್ತಿತ್ತು, ಮರಳು ಕದಿಯುವವರೂ ಇಸ್ಪೀಟು ಆಡುವವರೂ ಗಾಡಿ ಬರುವ ಮೊದಲೇ ಚದುರುತ್ತಿದ್ದರು ಎಂದು ಕೆಲವರು ಅದನ್ನು ದೂರುತ್ತಾರೆ. ಗಸ್ತಿನ ಉದ್ದೇಶವೇ ಪೊಲೀಸರು ಇದ್ದಾರೆ ಎಂದು ಊರಿಗೆ ತಿಳಿಯುವುದು, ಸದ್ದು ಕೇಳಿ ಕಳ್ಳ ಓಡಿಹೋದರೆ ಒಂದು ಕಳ್ಳತನ ತಪ್ಪಿತಲ್ಲ ಎಂದು ಇನ್ನು ಕೆಲವರು ಸಮರ್ಥಿಸುತ್ತಾರೆ. ನಾನು ಎರಡನೆಯವರ ಪಕ್ಷ. ಒಂಟಿ ಮನೆಯಲ್ಲಿರುವ ಮುದುಕಿಗೆ ನಡುರಾತ್ರಿ ಆ ಸದ್ದಿನಿಂದ ಧೈರ್ಯ ಬರುತ್ತದೆ. ಹಿಡಿಯುವ ಕೆಲಸಕ್ಕೆ ಬೇರೆ ಗಾಡಿ, ಬೇರೆ ಉಪಾಯ ಇವೆ.

ಇನ್ನೋವಾದ ಮಾತು ಬಂದಾಗ ಎಲ್ಲರೂ ಕೃಷ್ಣಾ ನದಿಯ ಆಚೆ ನೋಡುತ್ತಾರೆ. 2014ರಲ್ಲಿ ತೆಲಂಗಾಣ ರಾಜ್ಯವಾದ ಹೊಸದರಲ್ಲೇ ಹೈದರಾಬಾದ್ ಪೊಲೀಸರಿಗೆ ಗಸ್ತಿಗೆಂದು ಇನ್ನೋವಾಗಳನ್ನು ಕೊಟ್ಟರು. ಶಕ್ತಿನಗರದ ಸೇತುವೆ ದಾಟಿದರೆ ಆ ರಾಜ್ಯ, ಆದ್ದರಿಂದ ಸುದ್ದಿ ನಮ್ಮ ಠಾಣೆಗಳಿಗೆ ಬೇಗ ತಲುಪಿತು. ನಮ್ಮಲ್ಲಿ ಮೇಲಧಿಕಾರಿಗಳ ಗಾಡಿಯೆಂದೇ ಹೆಸರಾದ, ಅದೂ ನಮ್ಮದೇ ರಾಜ್ಯದ ಬಿಡದಿಯಲ್ಲಿ ತಯಾರಾಗುವ ಇನ್ನೋವಾದಲ್ಲಿ ಪಕ್ಕದ ರಾಜ್ಯದ ಪೇದೆಗಳು ಗಸ್ತು ತಿರುಗುತ್ತಾರೆ ಎಂಬುದು ಇಲ್ಲಿನವರ ಮನಸ್ಸಿನಲ್ಲಿ ಆಸೆಯನ್ನೂ ಒಂದು ಬಗೆಯ ನೋವನ್ನೂ ಹುಟ್ಟಿಸಿತು. ಆಗ ಕೊಟ್ಟ ಇನ್ನೋವಾ ಚಾಸಿಯ ಮೇಲೆ ಕೂತ ಗಟ್ಟಿ ಗಾಡಿ, ಹಿಂದಿನ ಸಾಲುಗಳೂ ಮುಂದಕ್ಕೆ ಮುಖ ಮಾಡಿವೆ, ಎಸಿಯ ತಂಪು ಹಿಂದಿನವರಿಗೂ ತಲುಪುತ್ತದೆ. ಒಳ್ಳೆಯ ಗಾಡಿ ಕೊಟ್ಟರೆ ಸಿಬ್ಬಂದಿ ಮೈಗಳ್ಳರಾಗುತ್ತಾರೆ ಎಂದು ವಾದಿಸಿದವರನ್ನೂ ನಾನು ಕಂಡಿದ್ದೇನೆ. ಬಿಸಿಲಿನಲ್ಲಿ ಬೆಂದು, ಧೂಳು ಕುಡಿದು, ಸೊಂಟ ಹಿಡಿದುಕೊಂಡು ಇಳಿದ ಮನುಷ್ಯ ದೂರು ಹೇಳಲು ಬಂದವರ ಜೊತೆ ಸಮಾಧಾನದಿಂದ ಮಾತಾಡುವುದು ಎಷ್ಟು ಕಷ್ಟ ಎಂಬುದನ್ನು ಅವರು ಯೋಚಿಸಿದಂತಿಲ್ಲ. ಜನರೊಡನೆ ಪೊಲೀಸರ ನಡವಳಿಕೆಯ ಬಗ್ಗೆ ಮಾತಾಡುವಾಗ ಈ ಗಾಡಿಯ ಒಳಗನ್ನೂ ಒಮ್ಮೆ ನೋಡಬೇಕೆಂದು ನನ್ನ ಮನವಿ.

ಎರ್ಟಿಗಾ ಪೇಟೆಯ ಗಸ್ತಿಗೆ ಹೇಳಿಮಾಡಿಸಿದ ಗಾಡಿ. ನೆಲಕ್ಕೆ ಹತ್ತಿರವಿರುವುದರಿಂದ ಹತ್ತುವುದು ಇಳಿಯುವುದು ಸುಲಭ. ಈ ಒಂದು ಕಾರಣಕ್ಕೆ ಮಹಿಳಾ ಸಿಬ್ಬಂದಿ, ಮೊಣಕಾಲು ನೋವಿರುವ ಹಿರಿಯ ಮುಖ್ಯಪೇದೆಗಳು ಅದನ್ನು ಮೆಚ್ಚುತ್ತಾರೆ. ಬಳ್ಳಾರಿಯ ಪೇಟೆಯಲ್ಲಿ, ರಾಯಚೂರಿನ ಸ್ಟೇಷನ್ ರಸ್ತೆಯಲ್ಲಿ ದಿನಕ್ಕೆ ನೂರು ಸಲ ಕ್ಲಚ್ ಒತ್ತುವ ಚಾಲಕನ ಎಡಗಾಲಿಗೂ ಹಿತ. ಹಳ್ಳಿ ದಾರಿಯಲ್ಲಿ ಅದರ ಕಷ್ಟ ಬೇರೆ. ಖಾಲಿ ಇದ್ದಾಗ ಸರಾಗವಾಗಿ ದಾಟುವ ಉಬ್ಬನ್ನು ಆರು ಜನ ಕೂತಾಗ ಹೊಟ್ಟೆ ತಾಗಿಸಿಕೊಂಡೇ ದಾಟುತ್ತದೆ. ಕೊನೆಯ ಸಾಲಿಗೆ ಹೋಗಲು ನಡುವಿನ ಸೀಟು ಮಡಚಬೇಕು, ಲಾಠಿ, ಹೆಲ್ಮೆಟ್, ಗುರಾಣಿ ಹಿಡಿದವರಿಗೆ ಅದು ಆಗದ ಮಾತು. ಕೊಪ್ಪಳದ ಗವಿಮಠದ ಜಾತ್ರೆಯಂಥ ಬಂದೋಬಸ್ತಿಗೆ ಸಾಮಾನು ಸಮೇತ ಹೊರಟ ತಂಡಕ್ಕೆ ಅದರ ಕೊನೆಯ ಸಾಲು ಸಾಮಾನಿನ ಜಾಗವಾಗಿಬಿಡುತ್ತದೆ.

ಮಹಿಳಾ ಸಿಬ್ಬಂದಿಯ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಎತ್ತರದ ಗಾಡಿಯ ಹಿಂಬಾಗಿಲಿಗೆ ಒಂದು ಮೆಟ್ಟಿಲು, ಎರಡೂ ಕಡೆ ಹಿಡಿಕೆ ಹಾಕಿಸುವುದು ದೊಡ್ಡ ಖರ್ಚಲ್ಲ. ಇಷ್ಟನ್ನು ಮಾಡಿಸಿದ ಗಾಡಿಗೆ ಮಹಿಳಾ ಪೇದೆಗಳು ಕೊಡುವ ಮಾರ್ಕ್ಸ್ ತಟ್ಟನೆ ಏರುವುದನ್ನು ನಾನು ನೋಡಿದ್ದೇನೆ. ಮಾದರಿ ಬದಲಿಸದೆಯೇ ಅಭಿಪ್ರಾಯ ಬದಲಿಸಬಹುದಾದ ಇಂಥ ಕೆಲಸಗಳು ಇನ್ನೂ ಹಲವಿವೆ.

ಈಗ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ವಿಷಯಕ್ಕೆ ಬರುತ್ತೇನೆ. ಗಸ್ತಿನ ಗಾಡಿ ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು. ನಾಕಾಬಂದಿಯಲ್ಲಿ, ವೃತ್ತದಲ್ಲಿ, ಮೆರವಣಿಗೆಯ ದಾರಿಯಲ್ಲಿ, 112ರ ಕರೆಗೆ ಕಾಯುತ್ತಾ ಗೊತ್ತುಪಡಿಸಿದ ಜಾಗದಲ್ಲಿ ಅದು ತಾಸುಗಟ್ಟಲೆ ನಿಂತಿರುತ್ತದೆ. ಹಾಗೆ ನಿಂತಾಗಲೂ ವೈರ್‌ಲೆಸ್, ಮೇಲಿನ ಕೆಂಪು ನೀಲಿ ದೀಪ, ಕರೆ ತೋರಿಸುವ ಪರದೆ ಎಲ್ಲವೂ ಬ್ಯಾಟರಿಯಿಂದ ಕರೆಂಟು ಎಳೆಯುತ್ತಿರುತ್ತವೆ. ಎಂಜಿನ್ ಆಫ್ ಮಾಡಿದರೆ ಬ್ಯಾಟರಿ ಇಳಿಯುತ್ತದೆ, ಒಳಗೆ ಕೂತವರು ಬೇಯುತ್ತಾರೆ. ಆನ್ ಇಟ್ಟರೆ ತಾಸಿಗೆ ಒಂದು ಲೀಟರಿನ ಆಸುಪಾಸು ಡೀಸೆಲ್ ಉರಿಯುತ್ತದೆ, ಮುಂದೆ ಓಡುವ ಗಾಳಿಯಿಲ್ಲದೆ ಫ್ಯಾನ್ ಒಂದೇ ರೇಡಿಯೇಟರನ್ನು ತಂಪು ಮಾಡಬೇಕು, ನಿಧಾನಗತಿಯಲ್ಲಿ, ಬ್ಯಾಟರಿ ತುಂಬುವ ಆಲ್ಟರ್ನೇಟರ್ ಕೊಡುವ ಕರೆಂಟೂ ಕಡಿಮೆ.

ಅಮೆರಿಕದ ಫೋರ್ಡ್ ಕಂಪನಿ ಪೊಲೀಸರಿಗೆಂದೇ ತಯಾರಿಸುವ ಗಾಡಿಗಳಲ್ಲಿ ಎಂಜಿನ್ ಸುಮ್ಮನೆ ಉರಿದ ತಾಸುಗಳನ್ನು ಎಣಿಸುವ ಮೀಟರ್ ಇರುತ್ತದೆ. ಅವರ ಲೆಕ್ಕದ ಪ್ರಕಾರ ಹಾಗೆ ನಿಂತು ಉರಿದ ಒಂದು ತಾಸು, ಸವೆತದ ದೃಷ್ಟಿಯಿಂದ, 33 ಮೈಲಿ ಓಡಿದ್ದಕ್ಕೆ ಸಮ. ಅಂದರೆ ಸುಮಾರು 53 ಕಿಲೋಮೀಟರ್. ಆ ಲೆಕ್ಕ ಅವರ ಎಂಜಿನ್ನುಗಳಿಗೆ ಮಾಡಿದ್ದು, ನಮ್ಮವಕ್ಕೆ ಅಂಕಿ ಬೇರೆಯಾದೀತು. ಆದರೂ ಅದನ್ನು ನಮ್ಮ ಲಾಗ್ ಬುಕ್ಕಿನ ಪಕ್ಕದಲ್ಲಿಟ್ಟು ನೋಡಿ. ಒಂದು ರಾತ್ರಿ ಗಾಡಿ 40 ಕಿಲೋಮೀಟರ್ ಓಡಿ, ನಾಲ್ಕು ತಾಸು ಎಂಜಿನ್ ಚಾಲೂ ಇಟ್ಟು ನಿಂತಿತ್ತು ಎಂದುಕೊಳ್ಳೋಣ. ಪುಸ್ತಕದಲ್ಲಿ ಬರೆಯುವುದು 40. ಎಂಜಿನ್ ಅನುಭವಿಸಿದ್ದು ಅದಕ್ಕೆ 212 ಕೂಡಿಸಿದಷ್ಟು. ಆಯಿಲ್ ಬದಲಿಸುವ ದಿನ ಕಿಲೋಮೀಟರ್ ನೋಡಿ ನಿಗದಿಯಾದರೆ, ಆಯಿಲ್ ತನ್ನ ಸತ್ವ ಕಳೆದುಕೊಂಡು ಎಷ್ಟೋ ದಿನದ ಮೇಲೆ ಗಾಡಿ ಶೆಡ್ಡಿಗೆ ಬರುತ್ತದೆ. ಆಮೇಲೆ ಈ ಮಾದರಿಯೇ ಸರಿಯಿಲ್ಲ ಎಂಬ ದೂರು ಹುಟ್ಟುತ್ತದೆ. ಮಾದರಿಯ ಮೇಲೆ ಹೊರಿಸಿದ ಎಷ್ಟೋ ಅಪವಾದಗಳು ವಾಸ್ತವವಾಗಿ ಈ ಬರೆಯದೆ ಬಿಟ್ಟ ತಾಸುಗಳ ಫಲ.

2020ರ ಏಪ್ರಿಲ್ 1ರಿಂದ ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ ಜಾರಿಗೆ ಬಂದ ಮೇಲೆ ಇದಕ್ಕೆ ಇನ್ನೊಂದು ತೊಡಕು ಸೇರಿದೆ. ಹೊಸ ಡೀಸೆಲ್ ಗಾಡಿಗಳ ಹೊಗೆಕೊಳವೆಯಲ್ಲಿ ಮಸಿಯನ್ನು ಹಿಡಿದಿಡುವ ಫಿಲ್ಟರ್ ಇರುತ್ತದೆ. ಹಿಡಿದ ಮಸಿಯನ್ನು ಅದು ತಾನೇ ಸುಟ್ಟು ಬೂದಿ ಮಾಡಿಕೊಳ್ಳಬೇಕು, ಅದಕ್ಕೆ 550ರಿಂದ 600 ಡಿಗ್ರಿಯಷ್ಟು ಶಾಖ ಬೇಕು. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡಿದರೆ ಆ ಶಾಖ ಬರುತ್ತದೆ. ಓಣಿಯಲ್ಲಿ 20ರ ವೇಗದಲ್ಲಿ ತಿರುಗಿ, ವೃತ್ತದಲ್ಲಿ ನಿಂತು, ಮತ್ತೆ ಓಣಿಗೆ ಹೋಗುವ ಗಾಡಿಗೆ ಅದು ಬರುವುದಿಲ್ಲ. ಫಿಲ್ಟರ್ ಕಟ್ಟಿ, ದೀಪ ಹೊತ್ತಿ, ಎಂಜಿನ್ ತನ್ನ ಬಲ ತಾನೇ ಕಡಿಮೆ ಮಾಡಿಕೊಳ್ಳುತ್ತದೆ. ಚಾಲಕರಿಗೆ ಇದನ್ನು ಬಿಡಿಸಿ ಹೇಳಿದರೆ, ವಾರಕ್ಕೊಮ್ಮೆ ಹೊಸಪೇಟೆ ರಸ್ತೆಯಲ್ಲೋ ಲಿಂಗಸುಗೂರು ರಸ್ತೆಯಲ್ಲೋ ಅರ್ಧ ತಾಸು ಒಂದೇ ಸಮ ಓಡಿಸಿ ಬರಲು ಅನುಮತಿ ಕೊಟ್ಟರೆ, ಹೆಚ್ಚಿನ ಸಲ ತೊಂದರೆ ಬರುವುದಿಲ್ಲ. ಪೇಟೆಯೊಳಗೇ ಇರುವ ಠಾಣೆಗೆ ಪೆಟ್ರೋಲ್ ಗಾಡಿ, ದೂರದ ಹಳ್ಳಿಗಳಿರುವ ಠಾಣೆಗೆ ಡೀಸೆಲ್ ಗಾಡಿ ಎಂದು ಹಂಚಿದರೆ ಇನ್ನೂ ಒಳ್ಳೆಯದು.

ಅಮೆರಿಕದ ಮಾತು ತೆಗೆದದ್ದರಿಂದ, ಅಲ್ಲಿನ ಪೊಲೀಸರ ಭಾವನೆಯೂ ನಮ್ಮವರದಕ್ಕೆ ಎಷ್ಟು ಹತ್ತಿರ ಎಂದು ಹೇಳಬೇಕು. ಅಲ್ಲಿ ದೀರ್ಘಕಾಲ ಗಸ್ತಿನ ಗಾಡಿಯೆಂದರೆ ಫೋರ್ಡ್ ಕ್ರೌನ್ ವಿಕ್ಟೋರಿಯಾ. ನಮ್ಮ ಬೊಲೆರೊದಂತೆಯೇ ಬೇರೆ ಚಾಸಿಯ ಮೇಲೆ ಕೂತ ಮೈ, ಹಿಂದಿನ ಚಕ್ರಕ್ಕೆ ಬಲ, 4.6 ಲೀಟರಿನ ವಿ-8 ಎಂಜಿನ್, ಎಲ್ಲಿ ಬೇಕಾದರೂ ಸಿಗುವ ಬಿಡಿಭಾಗ. 2011ರ ಸೆಪ್ಟೆಂಬರಿನಲ್ಲಿ ಕೆನಡಾದ ಸೇಂಟ್ ಥಾಮಸ್ ಕಾರ್ಖಾನೆಯಲ್ಲಿ ಅದರ ತಯಾರಿಕೆ ನಿಂತಾಗ ಅನೇಕ ಅಧಿಕಾರಿಗಳು ಹಳೆಯ ಜೊತೆಗಾರನನ್ನು ಕಳೆದುಕೊಂಡಂತೆ ಮರುಗಿದರು. ಅದರ ಜಾಗಕ್ಕೆ ಎಕ್ಸ್‌ಪ್ಲೋರರ್ ಮಾದರಿಯನ್ನು ಆಧರಿಸಿದ ಎತ್ತರದ ಗಾಡಿ ಬಂತು. ಸೊಂಟದ ಪಟ್ಟಿಯ ಭಾರದೊಂದಿಗೆ ಹತ್ತಿಳಿಯುವವರಿಗೆ ಅದು ಅನುಕೂಲವಾಯಿತು. ಆದರೆ 2017ರಲ್ಲಿ ಟೆಕ್ಸಾಸ್ ರಾಜ್ಯದ ಆಸ್ಟಿನ್ ಪೊಲೀಸರು ಗಾಡಿಯೊಳಗೆ ಕಾರ್ಬನ್ ಮಾನಾಕ್ಸೈಡ್ ಅನಿಲ ಸೇರುತ್ತಿದೆ ಎಂಬ ಆತಂಕದಿಂದ ಸುಮಾರು 400 ಗಾಡಿಗಳನ್ನು ರಸ್ತೆಯಿಂದ ಹಿಂದಕ್ಕೆ ಪಡೆದರು. ದೀಪ, ರೇಡಿಯೋ ಮುಂತಾದ ಸಲಕರಣೆ ಕೂರಿಸಲು ಆಮೇಲೆ ಕೊರೆದ ತೂತುಗಳನ್ನು ಸರಿಯಾಗಿ ಮುಚ್ಚದಿದ್ದರೆ ಹೊಗೆ ಒಳಬರಬಹುದು ಎಂದು ಕಂಪನಿ ವಿವರಿಸಿತು. ನಮ್ಮಲ್ಲಿಯೂ ದೀಪಕ್ಕೆ, ಆಂಟೆನಾಕ್ಕೆ, ಸೈರನ್ನಿಗೆ ತೂತು ಕೊರೆಯುವವರು ಇದ್ದಾರೆ. ಕೊರೆದ ಪ್ರತಿ ತೂತಿಗೂ ಗ್ರಾಮೆಟ್ ಎನ್ನುವ ರಬ್ಬರ್ ಬಳೆ ಹಾಕಿ ಮುಚ್ಚಿದ್ದಾರೆಯೇ ಎಂದು ನೋಡುವುದು ಗಾಡಿ ಪಡೆಯುವವನ ಕರ್ತವ್ಯ.

ಅಲ್ಲಿಂದ ನಾವು ತೆಗೆದುಕೊಳ್ಳಬಹುದಾದ ಒಂದು ಪದ್ಧತಿ ಇದೆ. ಮಿಷಿಗನ್ ರಾಜ್ಯದ ಪೊಲೀಸರು ಪ್ರತಿ ವರ್ಷ ಹೊಸ ಮಾದರಿಗಳನ್ನೆಲ್ಲ ತಂದು ಓಡಿಸಿ, ವೇಗ ಮತ್ತು ಬ್ರೇಕಿನ ಜೊತೆಗೆ ಸೀಟಿನ ಅನುಕೂಲ, ಹತ್ತಿಳಿಯುವ ಸೌಕರ್ಯ, ಸಲಕರಣೆ ಕೂರಿಸುವ ಜಾಗ ಇವುಗಳಿಗೂ ಅಂಕ ಕೊಟ್ಟು ಫಲಿತಾಂಶವನ್ನು ಎಲ್ಲರಿಗೂ ಸಿಗುವಂತೆ ಪ್ರಕಟಿಸುತ್ತಾರೆ. ನಮ್ಮಲ್ಲಿ ಖರೀದಿ ನಿರ್ಧಾರವಾಗುವುದು ಬೆಲೆ, ಎಂಜಿನ್ನಿನ ಗಾತ್ರ, ಸೀಟುಗಳ ಸಂಖ್ಯೆ ಇವುಗಳ ಮೇಲೆ. ಏಳು ಸೀಟು ಎಂದು ಬರೆದ ಕಡೆ, ಏಳೂ ಮುಂದಕ್ಕೆ ಮುಖ ಮಾಡಿರಬೇಕು, ಏಳಕ್ಕೂ ಬೆಲ್ಟ್ ಇರಬೇಕು ಎಂಬ ಒಂದು ಸಾಲು ಸೇರಿಸಿದರೂ ಸಾಕು, ಹಿಂದಿನ ಬೆಂಚಿನ ಬಾಳು ಬದಲಾಗುತ್ತದೆ. 15 ವರ್ಷ ದಾಟಿದ ಸರ್ಕಾರಿ ಗಾಡಿಗಳ ನೋಂದಣಿ ನವೀಕರಿಸುವಂತಿಲ್ಲ ಎಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಹಳೆಯವು ಹೋಗುತ್ತಿವೆ, ಹೊಸವು ಬರಲೇಬೇಕು. ಕೇಳಬೇಕಾದ ಕಾಲ ಇದೇ. ಎರೆಭೂಮಿಯ ಒಂದು ಠಾಣೆ, ಅದಿರು ದಾರಿಯ ಒಂದು ಠಾಣೆ, ಪೇಟೆಯ ಒಂದು ಠಾಣೆಗೆ ತಲಾ ಒಂದು ತಿಂಗಳು ಪ್ರಯೋಗಕ್ಕೆ ಗಾಡಿ ಕೊಟ್ಟು, ಮೂರೂ ಸೀಟಿನವರಿಂದ ಬೇರೆ ಬೇರೆ ಹಾಳೆಯಲ್ಲಿ ಅಭಿಪ್ರಾಯ ಬರೆಸಿಕೊಳ್ಳಲಿ. ಪೇದೆಯ ಹಾಳೆಯ ಮೇಲೆ ಅಧಿಕಾರಿಯ ಸಹಿ ಬೇಡ. ಲಾಗ್ ಬುಕ್ಕಿನಲ್ಲಿ ಎಂಜಿನ್ ಚಾಲೂ ಇದ್ದ ತಾಸುಗಳಿಗೆ ಒಂದು ಕಾಲಂ ಇರಲಿ.

ಮಾತು ಮುಗಿದ ಮೇಲೆ ಪಾಲಿಟೆಕ್ನಿಕ್ ವಿದ್ಯಾರ್ಥಿಯೊಬ್ಬರು, ಹಾಗಾದರೆ ಎಲೆಕ್ಟ್ರಿಕ್ ಗಾಡಿ ಕೊಟ್ಟರೆ ಈ ನಿಂತು ಉರಿಯುವ ಸಮಸ್ಯೆಯೇ ಇರುವುದಿಲ್ಲವಲ್ಲ ಎಂದು ಕೇಳಿದರು. ಪ್ರಶ್ನೆ ಸರಿಯಾಗಿದೆ. ನಿಂತಾಗ ಅಲ್ಲಿ ಉರಿಯುವ ಎಂಜಿನ್ ಇಲ್ಲ. ಎಸಿ, ದೀಪ, ವೈರ್‌ಲೆಸ್ ಎಲ್ಲ ಸೇರಿ ತಾಸಿಗೆ ಒಂದೂವರೆ ಯೂನಿಟ್ ಎಂದು ಹಿಡಿದರೂ ಆರು ತಾಸಿಗೆ ಒಂಬತ್ತು ಯೂನಿಟ್ ಆಗುತ್ತದೆ. 2020ರಲ್ಲಿ ಬಂದ ಟಾಟಾದ ಎಲೆಕ್ಟ್ರಿಕ್ ಕಾರು, ಮೊದಲ ನೆಕ್ಸಾನ್ ಇವಿಯ ಬ್ಯಾಟರಿ 30.2 ಯೂನಿಟ್ಟಿನದು. ಆರು ತಾಸು ತಂಪಾಗಿ ನಿಂತ ಮೇಲೂ ಅದರಲ್ಲಿ ಪೇಟೆಯ ಗಸ್ತಿಗೆ ಸಾಲುವಷ್ಟು ಉಳಿಯುತ್ತದೆ. ಆದ್ದರಿಂದ ಬಳ್ಳಾರಿ, ರಾಯಚೂರು ಪೇಟೆಯೊಳಗಿನ ಠಾಣೆಗಳಿಗೆ, ಅಂಗಳದಲ್ಲಿ ಚಾರ್ಜರ್ ಹಾಕಿಸುವುದಾದರೆ, ನಾನು ಅದನ್ನು ಸಂತೋಷದಿಂದ ಒಪ್ಪುತ್ತೇನೆ. ಯಲಬುರ್ಗಾದ, ದೇವದುರ್ಗದ ಠಾಣೆಗೆ ಸದ್ಯಕ್ಕೆ ಒಪ್ಪುವುದಿಲ್ಲ. ಅಲ್ಲಿ ರಾತ್ರಿ ಎರಡು ಗಂಟೆಗೆ ದೂರದ ತಾಂಡಾದಿಂದ ಕರೆ ಬಂದಾಗ ಚಾರ್ಜ್ ಎಷ್ಟಿದೆ ಎಂದು ನೋಡಿಕೊಂಡು ಹೊರಡುವ ಸ್ಥಿತಿ ಬರಬಾರದು. ಮತ್ತೆ, ಆ ನೆಕ್ಸಾನ್ ಗಾಡಿಯಲ್ಲಿ ಹಿಂದೆ ಮೂರು ಜನ ಭುಜಕ್ಕೆ ಭುಜ ತಾಗಿಸಿ ಕೂರಬೇಕು. ನಡುವೆ ಬಂಧಿತ, ಎರಡು ಕಡೆ ಇಬ್ಬರು ಪೇದೆಗಳು ಎಂದರೆ ಇಕ್ಕಟ್ಟು. ಪ್ರಯೋಗಕ್ಕೆ ತರುವಾಗ ಮೊದಲು ಆ ಮೂವರನ್ನು ಕೂರಿಸಿ ರಾಯಚೂರಿನಿಂದ ಮಾನ್ವಿಯವರೆಗೆ ಒಮ್ಮೆ ಹೋಗಿ ಬರಲಿ ಎಂದು ಅವರಿಗೆ ಹೇಳಿದೆ.